ಹುರಿದ ಹುರುಳಿ ಮೊಳೆಯುವ ತನಕ

ಜಪಾನ್
8-11-1978

ಪ್ರೀತಿಯ ಮಾವನವರಿಗೆ,

ಮೋಹನದಾಸನ ನಮಸ್ಕಾರ. ನಾನು ಇಲ್ಲಿ ಸೌಖ್ಯ. ಭಾಷೆಯ ಕ್ಲಾಸು ಮುಗಿದು ಈಗ ನನ್ನನ್ನು ಹೆಂಚಿನ ಕಾರ್ಖಾನೆಗೆ ಹಾಕಿದ್ದಾರೆ. ಕ್ಯೋಟೋ ಎಂಬ ಹಳೆಯ ರಾಜಧಾನಿಯಿಂದ ರೈಲು ಹತ್ತಿ ಗುಡ್ಡಗಳ ಎಡೆಯಲ್ಲಿ ಬಂದರೆ ಸಿಗುವ ಸಣ್ಣ ಊರು ಇದು. ನಮ್ಮ ಮಂಗಳೂರಿನ ಕಾರ್ಖಾನೆಯಂತೆಯೇ ಮಣ್ಣಿನ ರಾಶಿ, ಪ್ರೆಸ್ಸು, ಭಟ್ಟಿ ಎಲ್ಲ ಇವೆ. ಆದರೆ ಹೆಂಚು ಕೆಂಪಲ್ಲ, ಬೂದಿ ಬಣ್ಣದ್ದು. ತರಬೇತಿ ಮುಗಿಸಿ ಬಂದು ಹೇಳಿದರೆ ನಮ್ಮ ಫೋರ್‌ಮನ್ ನಂಬಲಿಕ್ಕಿಲ್ಲ.

ಇಲ್ಲಿ ಮನೆಯ ಮಾಡಿನ ತುದಿಗೆ ಇಡಲು ರಾಕ್ಷಸನ ಮುಖದ ಹೆಂಚು ಮಾಡುತ್ತಾರೆ. ಅದನ್ನು ಪ್ರೆಸ್ಸಿಗೆ ಕೊಡುವುದಿಲ್ಲ, ಒಬ್ಬ ಮುದುಕರು ಕೈಯಲ್ಲೇ ತಿದ್ದುತ್ತಾರೆ. ಕೋರೆಹಲ್ಲು, ಗುಡ್ಡೆಕಣ್ಣು, ತಲೆಯ ಮೇಲೆ ಎತ್ತಿನ ಕೊಂಬು. ಹೆಸರು ಓನಿ. ಮೊದಲ ದಿನ ನೋಡಿ ನನಗೆ ನಗು ಬಂತು. ನಮ್ಮ ಬಯಲಾಟದ ರಕ್ಕಸನ ಬಣ್ಣದ ವೇಷವೇ ಇಲ್ಲಿಗೆ ಬಂದು ಮಾಡು ಹತ್ತಿ ಕೂತ ಹಾಗಿತ್ತು.

ನಾನು ಇರುವುದು ಹತ್ಸು ಎಂಬ ವಿಧವೆಯ ಮನೆಯಲ್ಲಿ. ವಯಸ್ಸು ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದ್ದು. ನನ್ನ ಅರೆಬೆಂದ ಜಪಾನಿ ಭಾಷೆ ಅವರಿಗೆ ಸಾಕಾಗುತ್ತದೆ. ಸಾಕಾಗದ ಕಡೆ ಹಳೆಯ ಪೇಪರಿನ ಅಂಚಿನಲ್ಲಿ ಚಿತ್ರ ಬರೆದು ತೋರಿಸುತ್ತಾರೆ. ಓನಿಗೆ ಎತ್ತಿನ ಕೊಂಬೇ ಯಾಕೆ, ಸೊಂಟಕ್ಕೆ ಹುಲಿಯ ಚರ್ಮವೇ ಯಾಕೆ ಎಂದು ಕೇಳಿದೆ. ಈಶಾನ್ಯ ದಿಕ್ಕಿಗೆ ಇವರ ಹಳೆಯ ಲೆಕ್ಕದಲ್ಲಿ ಎತ್ತು-ಹುಲಿಯ ದಿಕ್ಕು ಎಂದು ಹೆಸರಂತೆ. ಕೆಟ್ಟದ್ದೆಲ್ಲ ಮನೆಯೊಳಗೆ ಬರುವುದು ಆ ಮೂಲೆಯಿಂದಂತೆ. ಅಲ್ಲಿ ಬಾಗಿಲು ಇಡುವುದಿಲ್ಲ. ಕಳೆದ ಭಾನುವಾರ ಕ್ಯೋಟೋದ ಅರಮನೆಯ ಗೋಡೆ ನೋಡಿ ಬಂದೆ. ಈಶಾನ್ಯದ ಮೂಲೆಯನ್ನು ಒಳಕ್ಕೆ ಕತ್ತರಿಸಿ, ಅಲ್ಲಿ ಮೂಲೆಯೇ ಇಲ್ಲದ ಹಾಗೆ ಮಾಡಿದ್ದಾರೆ! ಕಾವಲಿಗೆ ಮಾಡಿನಡಿಯಲ್ಲಿ ಒಂದು ಮರದ ಮಂಗ.

ಮಾವ, ನಮ್ಮಲ್ಲಿ ಈಶಾನ್ಯವೆಂದರೆ ಈಶ್ವರನ ಮೂಲೆ. ಬಾವಿ ತೋಡುವುದೂ ಅಲ್ಲಿ, ನಮ್ಮ ದೈವದ ಕಲ್ಲು ಇದ್ದದ್ದೂ ಗದ್ದೆಯ ಅದೇ ಮೂಲೆಯಲ್ಲಿ. ಒಂದೇ ಮೂಲೆ ಒಂದು ಊರಿನಲ್ಲಿ ದೇವರದ್ದು, ಇನ್ನೊಂದು ಊರಿನಲ್ಲಿ ರಾಕ್ಷಸನದ್ದು ಆದದ್ದು ಹೇಗೆ?

ಹತ್ಸು ಅವರನ್ನು ಕೇಳಿದರೆ, ಅದು ರಾಕ್ಷಸನೇ ಅಲ್ಲ ಎನ್ನುತ್ತಾರೆ. ಅವರ ಪಂಥವೇ ಬೇರೆ. ತೊಂಬತ್ತು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಅಕ್ಷರ ಕಲಿಯದ ಒಬ್ಬ ಬಡ ವಿಧವೆಯ ಮೈಮೇಲೆ ದೇವರು ಬಂದು ಭವಿಷ್ಯ ಬರೆಸಿತಂತೆ. ಅವರು ಅದನ್ನು ನಂಬುವವರು. ಕಥೆ ಹೀಗೆ: ಆದಿಯಲ್ಲಿ ಭೂಮಿಯನ್ನು ಗಟ್ಟಿಮಾಡಿ ಆಳುತ್ತಿದ್ದ ದೇವರು ಬಹಳ ಕಟ್ಟುನಿಟ್ಟಿನವನು. ತಪ್ಪೆಂದರೆ ತಪ್ಪು, ಯಾರಿಗೂ ರಿಯಾಯಿತಿ ಇಲ್ಲ. ಸುಖ ಬೇಕಿದ್ದ ಉಳಿದ ದೇವರುಗಳಿಗೆ ಇದು ಸಾಕಾಯಿತು. ಕೆಟ್ಟ ದೇವತೆಗಳು ಅವರ ಕಿವಿ ತುಂಬಿದವು. ಎಲ್ಲರೂ ಸೇರಿ ಆ ದೇವರನ್ನು ಈಶಾನ್ಯಕ್ಕೆ ಅಟ್ಟಿ, ರಾಕ್ಷಸನೆಂದು ಹೆಸರಿಟ್ಟು, ಹುರಿದ ಕಾಳು ಹೂ ಬಿಟ್ಟ ದಿನ ಹೊರಗೆ ಬಾ ಎಂದು ಹೇಳಿ ಮುಚ್ಚಿಬಿಟ್ಟರು. ಅಂದಿನಿಂದ ಲೋಕ ಬಲ ಇದ್ದವರ ಕೈಯಲ್ಲಿ. ಆ ದೇವರು ಒಂದು ದಿನ ತಿರುಗಿ ಬಂದು, ಹಳೆಯ ಮನೆ ಬಿಚ್ಚಿ ಹೊಸತು ಕಟ್ಟುವ ಹಾಗೆ ಲೋಕವನ್ನೇ ಕಟ್ಟುತ್ತಾನೆ ಎಂಬುದು ಭವಿಷ್ಯ.

ಹುರಿದ ಕಾಳಿನ ಮಾತು ಬಂದಾಗ ನಾನು ಚಾದ ಕಪ್ಪನ್ನು ಕೆಳಗಿಟ್ಟೆ. ಅದೇ ಮಾತನ್ನು ಎಂಟು ವರ್ಷದವನಿದ್ದಾಗ ನಮ್ಮ ಅಂಗಳದ ಬೇಲಿ ದಾಟುವ ತಡಮೆಯ ಹತ್ತಿರ ನಿಂತು ಕೇಳಿದ್ದೇನೆ. ನಿಮಗೂ ನೆನಪಿರಬಹುದು.

ತಂಗಿ ಆಶಾಲತಾ ಹೇಗಿದ್ದಾಳೆ? ಅವಳಿಗೆ ಇಲ್ಲಿಯ ಸ್ಟಾಂಪುಗಳನ್ನು ಕೂಡಿಡುತ್ತಿದ್ದೇನೆ.

ನಿಮ್ಮ ಅಳಿಯ,
ಮೋಹನದಾಸ

•

ವಾಮಂಜೂರು
2-12-1978

ಮೋಹನದಾಸನಿಗೆ ಶೀನಪ್ಪ ಮಾವನ ಆಶೀರ್ವಾದ.

ನಿನ್ನ ನೀಲಿ ಕಾಗದ ಸಿಕ್ಕಿತು. ಅಷ್ಟು ಸಣ್ಣ ಅಕ್ಷರದಲ್ಲಿ ಬರೆದರೆ ಓದುವವರ ಕಣ್ಣಿನ ಗತಿ ಏನು? ನನ್ನ ಕನ್ನಡಕಕ್ಕೆ ಬಗ್ಗಲಿಲ್ಲ. ಕುಲಶೇಖರದ ನಮ್ಮ ಅಂಗಡಿಗೆ ಒಯ್ದು ಆಶಾಲತಾಳಿಂದ ಓದಿಸಿದೆ. ಆದ್ದರಿಂದ ನಿನ್ನ ಜಪಾನಿ ದೇವರ ಸುದ್ದಿ ಈಗ ಕುಲಶೇಖರದ ಅರ್ಧ ಜನಕ್ಕೆ ಗೊತ್ತು.

ಬ್ರೆಡ್ಡು ತರುವ ಕಜೆಟನ್ ಪೊರ್ಬುಗಳು ಸೈಕಲ್ ನಿಲ್ಲಿಸಿ ಪೂರ್ತಿ ಕೇಳಿದರು. "ನಿಮ್ಮ ಭೂತವನ್ನು ನಮ್ಮ ಇಗರ್ಜಿಯ ಹಿರಿಯರು ಪಿಶಾಚಿ ಅಂತಿದ್ರು ಶೀನಪ್ಪ. ಈಗ ಜಪಾನಿನವರೂ ಶುರು ಮಾಡಿದ್ರಾ?" ಎಂದರು. ನಾನು ಬಿಡುತ್ತೇನಾ? "ಪಿಶಾಚಿ ಆದ್ರೆ ನಿಮ್ಮ ದನ ಕಾಣೆಯಾದಾಗ ನಮ್ಮ ದೈವಕ್ಕೆ ಯಾಕೆ ಹರಕೆ ಹೇಳಿದ್ದು ಮಾರಾಯ್ರೆ?" ಎಂದೆ. ದನ ಸಿಕ್ಕಿತ್ತಲ್ಲ! ಒಂದು ಬನ್ನು ಹೆಚ್ಚಿಗೆ ಇಟ್ಟು ಹೋದರು.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆ ಜನಕ್ಕೆ ದಿಕ್ಕು ತಪ್ಪಿದೆ. ನಮ್ಮ ಕಡೆಯ ಒಬ್ಬ ಒಳ್ಳೆಯ ಆಚಾರಿ ಹೋಗಿ ಕೋಲು ಹಿಡಿದು ಅಳೆದು ಕೊಡಬೇಕು. ಈಶಾನ್ಯದಲ್ಲಿ ಬಾಗಿಲು ಇಡದೆ ಗೋಡೆ ಕತ್ತರಿಸುವುದೆಂದರೆ ಏನು ಕಥೆ!

ದೀಪಾವಳಿ ಆಯಿತು. ಸಂಜೆ ಗದ್ದೆಯಲ್ಲಿ ದೀಪ ಇಟ್ಟು, ಅವಲಕ್ಕಿ ಹಾಕಿ, ಬಲಿಯೇಂದ್ರನನ್ನು ಕೂಗಿ ಕರೆದೆ. ಗದ್ದೆ ಎಂದರೆ ಉಳಿದಿರುವ ಆ ತುಂಡು. ಬಾಕಿಯದ್ದು ನಿನಗೆ ಗೊತ್ತೇ ಇದೆ, ಮಣ್ಣು ತೆಗೆದ ಹೊಂಡ. ನೀನಿಲ್ಲದೆ ಕೂಗಿಗೆ ಸ್ವರ ಸಾಲಲಿಲ್ಲ. ನನಗೆ ಕೆಮ್ಮು ಬೇರೆ.

ಕಾಳಿನ ವಿಷಯ ಬರೆದಿದ್ದೀ. ಈ ವರ್ಷ ಹುರುಳಿ ಒಳ್ಳೆಯದು ಬಂದಿದೆ, ಕಲ್ಲು ಕಡಿಮೆ. ಅಲ್ಲಿ ಮೀನು ಸಿಗುತ್ತದಾ? ಹಸಿ ಮೀನು ತಿನ್ನುತ್ತಾರೆಂದು ಕೇಳಿದೆ. ನೀನು ತಿನ್ನಬೇಡ.

ಇತಿ,
ಶೀನಪ್ಪ

•

ಜಪಾನ್
24-12-1978

ಪ್ರೀತಿಯ ಮಾವನವರಿಗೆ,

ಕಾಗದ ಸಿಕ್ಕಿತು. ಹಸಿ ಮೀನು ತಿಂದಾಯಿತು, ಏನೂ ಆಗಲಿಲ್ಲ. ನೀವು ಹುರುಳಿಯ ಕಲ್ಲಿನ ಬಗ್ಗೆ ಬರೆದು ಜಾರಿಕೊಂಡಿರಿ. ನಾನು ಈ ಸಲ ನೇರವಾಗಿ ಬರೆಯುತ್ತೇನೆ. ಎದುರು ಕೂತಿದ್ದರೆ ನನಗೆ ಬಾಯಿ ಬರುತ್ತಿರಲಿಲ್ಲ. ಇಷ್ಟು ದೂರದಿಂದ ಧೈರ್ಯ ಬರುತ್ತದೆ.

ಬಲಿಯನ್ನು ಪಾತಾಳಕ್ಕೆ ಕಳಿಸುವಾಗಲೂ, ಬೆಣಚುಕಲ್ಲು ಹೂ ಬಿಟ್ಟ ದಿನ ಬಾ ಎಂಬಂಥ ಆಗದ ಹೋಗದ ಶರತ್ತುಗಳನ್ನೇ ಹಾಕಿದ್ದರಲ್ಲ. ಹತ್ಸು ಅವರಿಗೆ ಅದನ್ನು ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಮತ್ತೆ ಮತ್ತೆ ಕೇಳಿ ಬಲಿಯ ಚಿತ್ರ ಬರೆಸಿಕೊಂಡರು. "ಅವನನ್ನು ಕಳಿಸಿದವರೇ ಕರೆಯುತ್ತೀರಾ?" ಎಂದು ಕೇಳಿದರು. ವರ್ಷಕ್ಕೊಮ್ಮೆ ಕರೆಯುತ್ತೇವೆ ಎಂದೆ. ಹೇಳಿದ ಮೇಲೆ ನಿದ್ದೆ ಬರಲಿಲ್ಲ. ಅಸುರನನ್ನು ಕೂಗಿ ಕರೆಯುವ ನಾವು ನಮ್ಮ ಮನೆಯವರನ್ನು ಕರೆಯುವುದಿಲ್ಲ.

ದೇಯಿ ದೊಡ್ಡಮ್ಮನ ಬಗ್ಗೆ ಬರೆಯುತ್ತಿದ್ದೇನೆ ಮಾವ. ನಿಮ್ಮ ಅಕ್ಕ. ಕಾರ್ಖಾನೆಯವರು ನಮ್ಮ ಗದ್ದೆಯ ಮಣ್ಣು ಕೇಳಿಕೊಂಡು ಬಂದಾಗ ನೀವು ಒಪ್ಪಿದಿರಿ, ಅವರು ಒಪ್ಪಲಿಲ್ಲ. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಜಾಗ ಇಳಿಯುವುದು ಹೆಣ್ಣುಮಕ್ಕಳ ಕಡೆಯಿಂದ. ಹಿರಿಯಳ ಮಾತು ಮೀರುವ ಹಾಗಿರಲಿಲ್ಲ. ಅವರ ಬಾಯಿಯೂ ಜೋರು, ಲೆಕ್ಕವೂ ಜೋರು, ಅದು ನನಗೂ ನೆನಪಿದೆ. ಆ ಮಳೆಗಾಲದಲ್ಲಿ ಕೋಣ ಸತ್ತವು. ಆಶಾಲತಾಳನ್ನು ಹೆತ್ತು ನನ್ನ ಅಮ್ಮ ತೀರಿಹೋದರು. ಮಂತ್ರವಾದಿ ಬಂದು, ದೋಷ ಇರುವುದು ಮನೆಯ ಹಿರಿಯ ಹೆಂಗಸಿನಲ್ಲಿ ಎಂದ. ನೀವು ಹುರಿದ ಹುರುಳಿಯನ್ನು ಅವರ ಬೆನ್ನಿನ ಮೇಲೆ ಎಸೆದು, ಇದು ಮೊಳೆತ ದಿನ ಈ ತಡಮೆ ದಾಟು ಎಂದಿರಿ. ಒಂದು ಕಾಳು ಸಿಡಿದು ನನ್ನ ಕಾಲ ಹತ್ತಿರ ಬಿತ್ತು. ತಡೆಯುವವರು ಹೋದ ಮೇಲೆ ಮಣ್ಣೂ ಹೋಯಿತು. ನಾನು ದೊಡ್ಡವನಾಗಿ ಅದೇ ಕಾರ್ಖಾನೆಯಲ್ಲಿ ಅಚ್ಚು ಹಾಕುವ ಕೆಲಸಕ್ಕೆ ಸೇರಿದೆ.

ನೀವು ಮದುವೆ ಗಿದುವೆ ಎಂದು ಹೋಗದೆ ನಮ್ಮಿಬ್ಬರನ್ನು ಸಾಕಿದಿರಿ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರೀತಿ ಇಲ್ಲ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಈಗ ಹೇಳಬೇಕಾದದ್ದು. ದೊಡ್ಡಮ್ಮ ಮಂಗಳೂರಿನ ಫಳ್ನೀರಿನಲ್ಲಿ ಡುಲ್ಸಿನ್ ಬಾಯಿಯವರ ಮನೆಯಲ್ಲಿ ಅಡುಗೆಗೆ ಇದ್ದಾರೆ. ನಾನು ಹೋಗಿ ಬರುತ್ತಿದ್ದೆ. ಡುಲ್ಸಿನ್ ಬಾಯಿ ಮಳೆಗಾಲದ ಮೊದಲು ಮನೆ ಮಾರಿ ಬೊಂಬಾಯಿಗೆ ಮಗಳ ಹತ್ತಿರ ಹೋಗುವವರು. ದೊಡ್ಡಮ್ಮನಿಗೆ ಅರುವತ್ತು ದಾಟಿತು. ಅವರು ಎಲ್ಲಿಗೆ ಹೋಗಬೇಕು ಮಾವ?

ನಿಮ್ಮ ಅಳಿಯ,
ಮೋಹನದಾಸ

•

ವಾಮಂಜೂರು
20-1-1979

ಮೋಹನದಾಸನಿಗೆ,

ಈ ಕಾಗದವನ್ನು ಅಂಗಡಿಯಲ್ಲಿ ಓದಿಸಲಿಲ್ಲ. ಮನೆಯಲ್ಲಿ ನಾನೇ ಕಷ್ಟಪಟ್ಟು ಓದಿದೆ.

ನೀನು ಫಳ್ನೀರಿಗೆ ಹೋಗುವುದು ನನಗೆ ಯಾವತ್ತೋ ಗೊತ್ತು. ಹೋದ ದಿನ ಮನೆಯಲ್ಲಿ ನಿನಗೆ ಹಸಿವು ಇರುತ್ತಿರಲಿಲ್ಲ. ಅವಳ ಕೈಯ ಬಂಗುಡೆ ಮೀನಿನ ಪುಳಿಮುಂಚಿ ತಿಂದವನಿಗೆ ನನ್ನ ಸಾರು ಇಳಿಯುತ್ತದಾ? ನಾನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೂ ಒಂದು ಅರ್ಥ ಉಂಟು, ತಿಳಿದುಕೋ.

ಆದರೆ ನಾನು ಆ ಮಾತು ಆಡಿದ್ದು ದೈವದ ಹೆಸರು ಹೇಳಿ. ಹಾಗೆ ಆಡಿದ್ದನ್ನು ಆಡಿದವನೇ ಹಿಂದೆ ತೆಗೆಯಲು ಬರುವುದಿಲ್ಲ. ಬೇಡವೆಂದರೆ ವಾಪಸು ತೆಗೆದುಕೊಳ್ಳಲು ಅದು ಅಂಗಡಿಯ ಸಾಮಾನಲ್ಲ. ಊರಿನಲ್ಲಿ ನಾಳೆ ಯಾರಿಗಾದರೂ ನ್ಯಾಯ ಹೇಳಬೇಕಾದರೆ ನನಗೆ ಯಾವ ಮುಖ ಇರುತ್ತದೆ? ಹುರಿದ ಹುರುಳಿ ಮೊಳೆಯಲಿ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಇನ್ನು ಈ ವಿಷಯ ಬರೆಯಬೇಡ. ಆ ಅಜ್ಜಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವಾ?

ಚಳಿಗೆ ಕಿವಿ ಮುಚ್ಚಿಕೋ.

ಶೀನಪ್ಪ

ಮರೆತೆ. ಆ ದೇವರನ್ನು ಹೊರಗೆ ಹಾಕಿದವರಿಗೆ ಕಡೆಗೆ ಏನಾಗುತ್ತದೆಂದು ಆ ಅಜ್ಜಿಗೆ ಗೊತ್ತುಂಟಾ? ಸುಮ್ಮನೆ ಕೇಳಿದ್ದು.

•

ಜಪಾನ್
5-2-1979

ಪ್ರೀತಿಯ ಮಾವನವರಿಗೆ,

ಬರೆಯಬೇಡ ಎಂದಿರಿ, ಕೊನೆಯಲ್ಲಿ ನೀವೇ ಕೇಳಿದಿರಿ. ಆದ್ದರಿಂದ ಉತ್ತರಿಸುವುದು ನನ್ನ ಕರ್ತವ್ಯ.

ನಿಮ್ಮ ಪ್ರಶ್ನೆಯನ್ನು ಹತ್ಸು ಅವರ ಮುಂದಿಟ್ಟೆ. ಅವರು ಬೆಂಕಿಗೆ ಕೈ ಒಡ್ಡಿ ಕೂತು ಹೇಳಿದರು. ಭವಿಷ್ಯದ ಪ್ರಕಾರ ಕೆಟ್ಟ ದೇವತೆಗಳನ್ನು ಕೊಲ್ಲುವುದಿಲ್ಲವಂತೆ. ಅವರಿಗೂ ಒಂದು ದಿನ ತಪ್ಪು ಗೊತ್ತಾಗುತ್ತದೆ, ಹೊರಗೆ ಬಂದ ದೇವರು ಅವರನ್ನೂ ಕೆಲಸಕ್ಕೆ ಹಚ್ಚುತ್ತಾನೆ. "ಪುಸ್ತಕದಲ್ಲಿ ಇರುವುದು ಇಷ್ಟು. ನನ್ನ ಅಭಿಪ್ರಾಯ ಬೇಕಾದರೆ, ಮುಚ್ಚಿದವರಿಗೇ ಹೆಚ್ಚು ಕಷ್ಟ. ಬಾಗಿಲ ಹತ್ತಿರ ಕಾವಲು ಕೂತು ಅವರ ಜೀವಮಾನ ಹೋಯಿತಲ್ಲ" ಎಂದರು. ಅವರು ನಿಮ್ಮನ್ನು ಕಂಡವರಲ್ಲ ಮಾವ. ನಾನು ನಿಮ್ಮ ಬಗ್ಗೆ ಏನೂ ಹೇಳಿರಲಿಲ್ಲ.

ಮೊನ್ನೆ ಇಲ್ಲಿ ಚಳಿಗಾಲ ಮುಗಿಯುವ ಹಬ್ಬ. ಊರಿನಲ್ಲಿ ಎಲ್ಲರೂ ಸೋಯಾ ಕಾಳು ಹುರಿದು, ಬಾಗಿಲಿಂದ ಹೊರಕ್ಕೆ ಎಸೆದು, ರಾಕ್ಷಸ ಹೊರಗೆ, ಭಾಗ್ಯ ಒಳಗೆ ಎಂದು ಕೂಗುತ್ತಾರೆ. ಆ ದೇವರು ತಿರುಗಿ ಬಾರದಿರಲಿ ಎಂದೇ ಈ ಪದ್ಧತಿ ಎಂಬುದು ಹತ್ಸು ಅವರ ವಾದ. ನಾನೂ ಕಾಳು ಎಸೆಯಲು ಸಿದ್ಧನಾಗಿ ನಿಂತೆ. ನೋಡಿದರೆ ಅವರು ಒಲೆಯನ್ನೇ ಹೊತ್ತಿಸಲಿಲ್ಲ. ಹಸಿ ಕಾಳನ್ನೇ ಕೈಗೆ ಕೊಟ್ಟು, ಈಶಾನ್ಯದ ಕಡೆಯ ಕಿಟಕಿ ತೆಗೆದು, ರಾಕ್ಷಸನೂ ಒಳಗೆ, ಭಾಗ್ಯವೂ ಒಳಗೆ ಎಂದು ಕೂಗಿಸಿದರು. ಹಿಮದ ಗಾಳಿ ಒಳಗೆ ನುಗ್ಗಿತು.

"ಹುರಿಯಲು ಮರೆತಿರಾ?" ಎಂದೆ.

"ಮೊಳೆಯಲಿ ಎಂದೇ ಹುರಿಯಲಿಲ್ಲ" ಎಂದರು.

"ಹಾಗಾದರೆ ಶರತ್ತು?"

"ಶರತ್ತು ಹಾಕಿದವರು ನನ್ನ ಬಾಣಲೆ ಮುಟ್ಟಿ ನೋಡಲು ಬರುತ್ತಾರಾ?" ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಗಂಡ ಇದ್ದಾಗಲೂ ಹೀಗೇ ಮಾಡುತ್ತಿದ್ದರಂತೆ. ಹಿಮ ಕರಗಿದ ಮೇಲೆ ಗೋಡೆಯ ಬುಡದಲ್ಲಿ ಸಾಲಾಗಿ ಸಸಿ ಏಳುತ್ತವೆಯಂತೆ.

ಸುಮ್ಮನೆ ಬರೆದದ್ದು ಮಾವ.

ನಿಮ್ಮ ಅಳಿಯ,
ಮೋಹನದಾಸ

•

ವಾಮಂಜೂರು
22-4-1979

ಪ್ರೀತಿಯ ಅಣ್ಣನಿಗೆ ಆಶಾಲತಾಳ ನಮಸ್ಕಾರ.

ಮಾವ ನಿನಗೆ ಬರೆಯುತ್ತಿಲ್ಲವೆಂದು ಬೇಸರ ಮಾಡಬೇಡ. ಬೆನ್ನುಬೆನ್ನಿಗೆ ನೀನು ಹಾಕಿದ ಕಾಗದಗಳೆಲ್ಲ ಬಂದಿವೆ. ಹುರಿಯದ ಕಾಳಿನ ಆ ಕಾಗದವನ್ನು ಮಾತ್ರ ಅಂಗಡಿಯ ಮೇಜಿನಲ್ಲಿ ಬೇರೆಯೇ ಇಟ್ಟಿದ್ದಾರೆ. ಯಾರೂ ಗಿರಾಕಿ ಇಲ್ಲದಾಗ ತೆಗೆಯುತ್ತಾರೆ, ನಾನು ಬಂದರೆ ಒಳಗೆ ಹಾಕುತ್ತಾರೆ.

ಬಿಸು ಹಬ್ಬ ಕಳೆದ ಮೇಲೆ ದೈವಕ್ಕೆ ವರ್ಷದ ತಂಬಿಲ ಸೇವೆ ಆಯಿತು. ನಿನಗೆ ಗೊತ್ತುಂಟಲ್ಲ, ಪಾತ್ರಿಯ ಮೈಮೇಲೆ ದರ್ಶನ ಬಂದಾಗ ಪ್ರತಿ ವರ್ಷ ದೈವ ಕೇಳುತ್ತದೆ, ಸಂಸಾರ ಒಂದಾಗಿ ಉಂಟಾ ಎಂದು. ಮಾವ ಪ್ರತಿ ವರ್ಷ ಉಂಟು ಎನ್ನುತ್ತಾರೆ. ದೈವ ಮಾವನ ಮುಖ ನೋಡಿ ಪ್ರಸಾದ ಕೊಡುತ್ತದೆ. ಈ ಸಲವೂ ಕೇಳಿತು. ಮಾವ ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು. ಮಾತು ಹೊರಡಲಿಲ್ಲ ಅಣ್ಣಾ. ನೆರೆಯ ನೋಣಯ್ಯಣ್ಣ ಮೆಲ್ಲಗೆ "ಉಂಟು ಅಂತ ಹೇಳಿ ಶೀನಪ್ಪಣ್ಣ" ಎಂದರು. ಮಾವ ತಲೆ ಅಲ್ಲಾಡಿಸಿದರು. ಎಲ್ಲರ ಎದುರು "ಇಲ್ಲ" ಎಂದರು. ದೈವ ಮಾವನ ಹೆಗಲ ಮೇಲೆ ಕೈ ಇಟ್ಟು, ಇಷ್ಟು ಕೇಳಲು ಎಷ್ಟು ವರ್ಷ ಕಾದೆ ಎಂದಿತು. ಪ್ರಸಾದ ಮಾತ್ರ ಕೊಡಲಿಲ್ಲ. ಮಾವ ಆ ದಿನ ಊಟ ಮಾಡಲಿಲ್ಲ.

ಮರುದಿನ ನಾನು, ನೀನು ಹೋಗುವ ಮೊದಲು ಹೇಳಿದ್ದ ಗುರುತು ಹಿಡಿದು, ಯಾರಿಗೂ ಹೇಳದೆ ಬಸ್ಸು ಹತ್ತಿ ಫಳ್ನೀರಿಗೆ ಹೋದೆ. ದೊಡ್ಡಮ್ಮನನ್ನು ಮೊದಲ ಸಲ ನೋಡಿದ್ದು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ನಿನ್ನ ಅಮ್ಮನ ಮೂಗು" ಎಂದು ಹೇಳಿ ಒಳಗೆ ಹೋದರು. ಹೊರಗೆ ಬರುವಾಗ ಮುಖ ತೊಳೆದಿದ್ದರು. ಡುಲ್ಸಿನ್ ಬಾಯಿಯ ಮನೆಯಲ್ಲಿ ಪೆಟ್ಟಿಗೆಗಳು ಕಟ್ಟಿ ಆಗಿವೆ. ಮುಂದೆ ಎಲ್ಲಿ ಎಂದು ಕೇಳಿದೆ. ಯಾರಾದರೂ ಅಡುಗೆಗೆ ಇಟ್ಟುಕೊಂಡಾರು ಎಂದರು. ಈ ವಯಸ್ಸಿನವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಮನೆಯ ಬಗ್ಗೆ ಏನೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಶೀನ ಈಗಲೂ ಕೆಮ್ಮುತ್ತಾನಾ?" ಎಂದು ಕೇಳಿದರು.

ಏನು ಮಾಡುವುದೆಂದು ಬರೆ.

ನಿನ್ನ ತಂಗಿ,
ಆಶಾಲತಾ

•

ಜಪಾನ್
8-5-1979

ಆಶಾ,

ಬೇಗ ಬರೆಯುತ್ತಿದ್ದೇನೆ. ಮಾವನಿಗೆ ಮನಸ್ಸು ಇಲ್ಲದಿಲ್ಲ, ದಾರಿ ಇಲ್ಲ. ದಾರಿ ನಾವು ಮಾಡಿ ಕೊಡುವ. ಅಂಗಡಿಯಿಂದ ಒಂದು ಹಿಡಿ ಹಸಿ ಹುರುಳಿ ತಂದು ತಡಮೆಯ ಬುಡದಲ್ಲಿ ಹಾಕು. ಮಾವ ಅಂಗಡಿಗೆ ಹೋದ ಮೇಲೆ ನೀರು ಹೊಯ್ಯಿ. ಮೊಳೆತ ಮೇಲೆ, ನೋಡಿ ಮಾವ, ಆ ದಿನ ಎಸೆದ ಹುರುಳಿ ಈಗ ಮೊಳೆತಿದೆ ಎಂದು ತೋರಿಸು. ಅವರು ನಂಬಬೇಕೆಂದಿಲ್ಲ. ನಂಬಿದ ಹಾಗೆ ಮಾಡಿದರೆ ಸಾಕು.

ಹತ್ಸು ಅವರಿಗೆ ಎಲ್ಲ ಹೇಳಿಬಿಟ್ಟೆ. ದಿನಾ ಬೆಳಿಗ್ಗೆ, ಮೊಳೆಯಿತಾ ಎಂದು ನನ್ನನ್ನೇ ಕೇಳುತ್ತಾರೆ.

ಅಣ್ಣ

•

ವಾಮಂಜೂರು
24-5-1979

ಅಣ್ಣಾ,

ನಿನ್ನ ಕಾಗದ ನಿನ್ನೆ ಕೈಸೇರಿತು. ಓದಿ, ಸೆರಗಿನಲ್ಲಿ ಹುರುಳಿ ಕಟ್ಟಿಕೊಂಡು ತಡಮೆಯ ಹತ್ತಿರ ಹೋದೆ. ಅಲ್ಲಿ ಆಗಲೇ ಮೊಳೆತಿತ್ತು!

ನಾನು ಹಾಕಿದ್ದಲ್ಲ. ನೀನಂತೂ ಅಲ್ಲ. ಮಳೆ ಇನ್ನೂ ಒಂದು ಹನಿ ಬಿದ್ದಿಲ್ಲ, ಅಂಗಳವೆಲ್ಲ ಧೂಳು, ತಡಮೆಯ ಬುಡ ಮಾತ್ರ ಒದ್ದೆ. ಆಗ ನನಗೆ ಒಂದೊಂದೇ ಹೊಳೆಯಿತು. ಮಾವ ಒಂದು ವಾರದಿಂದ ನನಗಿಂತ ಮೊದಲು ಏಳುತ್ತಿದ್ದರು. ಮುಖ ತೊಳೆಯಲು ಚೆಂಬು ತೆಗೆದುಕೊಂಡು ಬಾವಿಕಟ್ಟೆ ಬಿಟ್ಟು ಆ ಕಡೆ ಹೋಗುತ್ತಿದ್ದರು. ಚೆಂಬಿನ ತಳದಲ್ಲಿ ಕೆಸರು. ಮುಖ ಮಾತ್ರ ಒಣಗಿದ್ದು.

ನಾನು ತಂದ ಹುರುಳಿಯನ್ನು ಡಬ್ಬಿಗೆ ವಾಪಸು ಹಾಕಿದೆ.

ಇವತ್ತು ಬೆಳಿಗ್ಗೆ ಮಾವ ದೊಡ್ಡ ಸ್ವರದಲ್ಲಿ ನನ್ನನ್ನು ಕರೆದರು. ನೋಣಯ್ಯಣ್ಣನನ್ನೂ ಆಚೆ ಮನೆಯವರನ್ನೂ ಕರೆದರು. "ನೋಡಿ ಮಾರಾಯ್ರೆ, ಹುರಿದ ಹುರುಳಿ ಮೊಳೆತಿದೆ. ಆ ದಿನ ನೀವೆಲ್ಲ ಇದ್ದವರು, ಹೇಳಿ" ಎಂದರು. ನೋಣಯ್ಯಣ್ಣ ಗದ್ದೆಯಲ್ಲೇ ಹುಟ್ಟಿ ಬೆಳೆದವರು. ಕುಕ್ಕರುಗಾಲಿನಲ್ಲಿ ಕೂತು ಸಸಿ ಮುಟ್ಟಿದರು, ಒದ್ದೆ ಮಣ್ಣು ಮುಟ್ಟಿದರು, ತಲೆ ಎತ್ತಿ ಮಾವನ ಮುಖ ನೋಡಿದರು. ಆಮೇಲೆ ಅವರು, "ಹೌದು ಶೀನಪ್ಪಣ್ಣ, ಹುರಿದದ್ದೇ. ಕಾಣುವಾಗಲೇ ಗೊತ್ತಾಗ್ತದೆ" ಎಂದರು. ಉಳಿದವರೂ ಹೌದು ಹೌದು ಎಂದರು. ಯಾರೂ ನಗಲಿಲ್ಲ. ನೋಣಯ್ಯಣ್ಣ ಹೋಗುವಾಗ, "ಕೋಳಿ ತಿನ್ನದ ಹಾಗೆ ನೋಡಿಕೊಳ್ಳಿ" ಎಂದು ಹೇಳಿ ಹೋದರು.

ನಿನ್ನ ತಂಗಿ,
ಆಶಾಲತಾ

•

ವಾಮಂಜೂರು
1-6-1979

ಮೋಹನದಾಸನಿಗೆ ಮಾವನ ಆಶೀರ್ವಾದ.

ಹುರಿದ ಹುರುಳಿ ಮೊಳೆಯಿತು. ಊರಿನವರು ನೋಡಿದ್ದಾರೆ, ನೀನು ಬೇಕಾದರೆ ನಂಬು. ಆಡಿದ ಮಾತು ತಪ್ಪಿದವನಲ್ಲ ನಾನು.

ನಾಳೆ ಬೆಳಿಗ್ಗೆ ಫಳ್ನೀರಿಗೆ ಹೋಗುವವನು. ಒಗೆದ ಅಂಗಿ ತೆಗೆದಿಟ್ಟಿದ್ದೇನೆ. ಒಂದು ವಾರದಿಂದ ನಾಳೆ ನಾಳೆ ಎನ್ನುತ್ತಿದ್ದೇನೆ ಎಂದು ಆಶಾಲತಾ ಬರೆದಾಳು, ಅದು ನಿಜ. ಅವಳು ಬರುವುದಿಲ್ಲ ಎಂದರೆ ನಾನು ಏನು ಮಾಡುವುದು? ಅದಕ್ಕೆ ಶರತ್ತು ಯಾರೂ ಹೇಳಿಕೊಟ್ಟಿಲ್ಲ. ನನಗೆ ಹೆದರಿಕೆಯಾಗುತ್ತದೆ ಮಾರಾಯ.

ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು.

ಶೀನಪ್ಪ

•

ವಾಮಂಜೂರು
20-6-1979

ಅಣ್ಣಾ, ದೊಡ್ಡಮ್ಮ ತುಳುವಿನಲ್ಲಿ ಹೇಳುತ್ತಿದ್ದಾರೆ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನದು ಏನೂ ಸೇರಿಸಬಾರದೆಂದು ಅಪ್ಪಣೆ. — ಆಶಾ

ಮೋನು,

ನಾನು ಮನೆಯಿಂದ ಹೇಳಿ ಬರೆಸ್ತಾ ಇದ್ದೇನೆ. ಯಾವ ಮನೆ ಅಂತ ಬೇರೆ ಹೇಳಬೇಕಾ?

ಶೀನ ಬಂದ ದಿನ ಡುಲ್ಸಿನ್ ಬಾಯಿಯ ಪೆಟ್ಟಿಗೆಗಳನ್ನು ಲಾರಿಗೆ ಹಾಕ್ತಾ ಇದ್ರು. ಗೇಟಿನ ಹೊರಗೆ ಯಾರೋ ಕೆಮ್ಮಿದ್ದು ಕೇಳಿತು. ನೋಡಿದೆ. ತಲೆ ಪೂರ್ತಿ ಬಿಳಿ ಆಗಿದೆ ಅವನಿಗೆ. ಒಳಗೆ ಬರಲಿಲ್ಲ. ಬಾಳೆ ಎಲೆಯ ತುಂಡಿನಲ್ಲಿ ಮಣ್ಣು ಸಮೇತ ನಾಲ್ಕು ಸಸಿ ಕಿತ್ತು ತಂದಿದ್ದ, ಕೋರ್ಟಿಗೆ ಸಾಕ್ಷಿ ತಂದವನ ಹಾಗೆ. ಎಲೆಯನ್ನು ನನ್ನ ಮುಂದೆ ಹಿಡಿದ.

ನಾನು ತೆಗೆದುಕೊಂಡು ನೋಡಿದೆ. ಒಂದು ಸಸಿಯಲ್ಲಿ ಕಾಳಿನ ಸಿಪ್ಪೆ ಇನ್ನೂ ಅಂಟಿತ್ತು. ಬೆಂಕಿ ಕಂಡದ್ದೇ ಅಲ್ಲ ಅದು. ಆ ಮನೆಯ ಹುರುಳಿಯನ್ನು ಅಷ್ಟು ವರ್ಷ ಹುರಿದವಳು ನಾನು, ನನಗೆ ಗೊತ್ತಾಗುವುದಿಲ್ಲವಾ? ನಿನಗೆ ಒಂದು ವಿಷಯ ಗೊತ್ತಿಲ್ಲ ಮೋನು. ಆ ದಿನ ನನ್ನ ಬೆನ್ನಿಗೆ ಎಸೆದ ಹುರುಳಿಯನ್ನು ಹುರಿದದ್ದೂ ನಾನೇ. ಬೆಳಿಗ್ಗೆ ಬಂದು, ಅಕ್ಕ, ಒಂದು ಸೇರು ಹುರುಳಿ ಹುರಿದು ಕೊಡು ಅಂದಿದ್ದ. ಯಾವುದಕ್ಕೆ ಅಂತ ಹೇಳಿರಲಿಲ್ಲ. ಚೆನ್ನಾಗಿ ಹುರಿದು ಕೊಟ್ಟಿದ್ದೆ.

"ಶೀನಾ, ಇದು ಹುರಿದದ್ದಾ?" ಅಂತ ಕೇಳಿದೆ.

"ಹೌದಕ್ಕ."

"ಸರಿಯಾಗಿ ಹುರಿದದ್ದಾ?"

"ಸರಿಯಾಗಿ" ಅಂದ. ಅಷ್ಟು ಹೇಳುವಾಗ ಅವನ ಗಲ್ಲ ನಡುಗಿತು. ಸಣ್ಣದಿರುವಾಗ ಸುಳ್ಳು ಹೇಳಿದರೂ ಹೀಗೇ ಆಗ್ತಿತ್ತು ಅವನಿಗೆ. ನಾನು ನನ್ನ ಟ್ರಂಕು ತರಲಿಕ್ಕೆ ಒಳಗೆ ಹೋದೆ.

ತಪ್ಪಾಯಿತು ಅಂತ ಅವನು ಹೇಳಲಿಲ್ಲ, ಹೋಗಲಿ ಬಿಡು ಅಂತ ನಾನೂ ಹೇಳಲಿಲ್ಲ. ನನಗೆ ಸಿಟ್ಟು ಹೋಗಿಲ್ಲ. ಅದು ಹಾಗೇ ಉಂಟು. ಬಸ್ಸಿನಲ್ಲಿ ನನ್ನ ಟ್ರಂಕನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ, ಕೆಳಗೆ ಇಡು ಅಂದರೂ ಇಡಲಿಲ್ಲ.

ಮನೆಗೆ ಬಂದು ಮೊದಲು ಗದ್ದೆಯ ಈಶಾನ್ಯ ಮೂಲೆಗೆ ಹೋದೆ. ಅಲ್ಲಿ ಗದ್ದೆ ಇಲ್ಲ, ಹೊಂಡದ ನೀರು. ದೈವದ ಕಲ್ಲನ್ನು ಅಂಚಿಗೆ ಸರಿಸಿ ಇಟ್ಟಿದ್ದಾರೆ. ಅಲ್ಲಿ ಕೂತು ತುಂಬ ಅತ್ತೆ, ನಿನ್ನ ಅಮ್ಮನನ್ನು ನೆನೆದು, ಗದ್ದೆಯನ್ನು ನೆನೆದು. ನನ್ನ ಕಡೆ ಯಾರೂ ಬರಲಿಲ್ಲ, ಅದು ಒಳ್ಳೆಯದಾಯಿತು. ಆಮೇಲೆ ಎದ್ದು ಅಂಗಡಿಯ ಸಾಮಾನು ಇಡುವ ಕೋಣೆ ನೋಡಿದೆ. ಅಕ್ಕಿಯ ಗೋಣಿಯನ್ನು ನೆಲಕ್ಕೇ ತಾಗಿಸಿ ಇಟ್ಟಿದ್ದ, ತಳ ಎಲ್ಲ ತಂಡಿ ಹಿಡಿದು ಒದ್ದೆ. ಬೈದೆ. ಹೊರಗಿನವರಿಗೂ ಕೇಳುವ ಹಾಗೆ ಬೈದೆ. ಶೀನ ಗೋಣಿಗಳನ್ನು ಒಂದೊಂದೇ ಎತ್ತಿ ಹಲಗೆಯ ಮೇಲೆ ಇಟ್ಟ. ಹಲ್ಲು ಕಾಣುವ ಹಾಗೆ ನಗ್ತಾ ಇದ್ದ.

ಆ ಜಪಾನಿನ ಹೆಂಗಸಿಗೆ ಹೇಳು, ಅವರ ಕಥೆ ನನಗೆ ಇಷ್ಟ ಆಯಿತು ಅಂತ. ಒಂದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಕಾಳು ಮೊಳೆಯದೆ ಆ ದೇವರು ಬರಲಿಲ್ಲ ಅಂತಾರಲ್ಲ, ಹಾಗಲ್ಲ. ಇಷ್ಟು ವರ್ಷ ಈ ತಡಮೆ ದಾಟಲಿಕ್ಕೆ ನನಗೆ ಕಾಲು ಇರಲಿಲ್ಲವಾ? ಬಾ ಅಂತ ಕರೆಯುವವರು ಇರಲಿಲ್ಲ.

ಮಳೆ ಹಿಡಿಯಿತು. ತಡಮೆಯ ಹತ್ತಿರದ ಹುರುಳಿ ಈ ಮಳೆಗೆ ಕೊಳೆಯುತ್ತದೆ, ಕಿತ್ತುಬಿಡ್ತೇನೆ ಅಂದ ಶೀನ. ನಾನು ಬಿಡಲಿಲ್ಲ. ಮೇಲೆ ಎರಡು ತೆಂಗಿನ ಮಡಲು ಕಟ್ಟಿಸಿದ್ದೇನೆ. ನಾಲ್ಕು ಕೋಡು ಉಳಿದರೂ ಸಾಕು. ನೀನು ಬಂದು ನೋಡಿದ ಮೇಲೆ ಆ ಹೆಂಗಸಿಗೆ ಒಂದು ಹಿಡಿ ಕಳಿಸುವ.

ಹುರಿಯದೆ ಕಳಿಸುವ.

ನಿನ್ನ ದೊಡ್ಡಮ್ಮ,
ದೇಯಿ